ತಪ್ಪು ಶಿಕ್ಷೆ ಮತ್ತು ಹೊಣೆಗಾರಿಕೆ: ಭಾರತದ ಅಪರಾಧ ನ್ಯಾಯವ್ಯವಸ್ಥೆಯಲ್ಲಿ

ಮಾಡದ ಅಪರಾಧಕ್ಕೆ ಒಬ್ಬನನ್ನು ನ್ಯಾಯಾಲಯ ದೋಷಿಯೆಂದು ತೀರ್ಮಾನಿಸಿ ದಂಡಿಸುವುದು ತಪ್ಪು ಶಿಕ್ಷೆ. ಶಿಕ್ಷೆಯವರೆಗೆ ಹೋಗದಿದ್ದರೂ ಸುಳ್ಳು ಅಥವಾ ಬುಡವಿಲ್ಲದ ಆರೋಪ ಹೊರಿಸಿ ಬಂಧನ, ಸೆರೆವಾಸ, ವಿಚಾರಣೆಗಳಿಗೆ ಗುರಿಮಾಡುವುದು ತಪ್ಪು ಅಭಿಯೋಜನೆ. ಕಾನೂನು ಪುಸ್ತಕಗಳಲ್ಲಿ ಇವು ಎರಡು ಬೇರೆ ಬೇರೆ ಸಂಗತಿಗಳು. ಭಾರತದ ಅನುಭವದಲ್ಲಿ ಇವುಗಳ ನಡುವಿನ ಗೆರೆ ತೆಳುವಾದುದು. ಇಲ್ಲಿ ಅನೇಕರಿಗೆ ತೀರ್ಪು ಬರುವ ಹೊತ್ತಿಗೆ ಶಿಕ್ಷೆಯಷ್ಟೇ ದೀರ್ಘವಾದ ಸೆರೆವಾಸ ಮುಗಿದಿರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕದಂತೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ರುಜುವಾತಾಗಿರಲಿಲ್ಲ.

ತಪ್ಪು ತೀರ್ಪನ್ನು ತಿದ್ದಲು ಭಾರತದ ಕಾನೂನಿನಲ್ಲಿ ಹಲವು ಮೆಟ್ಟಿಲುಗಳಿವೆ: ಹೈಕೋರ್ಟಿಗೆ ಮೇಲ್ಮನವಿ, ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, ಪುನರ್‌ಪರಿಶೀಲನೆ, 2002ರಿಂದ ಈಚೆಗೆ ಕ್ಯುರೇಟಿವ್ ಅರ್ಜಿ. ಆದರೆ ತಪ್ಪು ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು ಎಂದು ಹಿಂದಕ್ಕೆ ನಡೆದು ಕೇಳುವ ಕೆಲಸವನ್ನು ಯಾವ ಶಾಸನವೂ ಯಾರ ಪಾಲಿಗೂ ಕಡ್ಡಾಯವಾಗಿ ಹಂಚಿಲ್ಲ. ಈ ವಿಷಯದ ಚರ್ಚೆಯೆಲ್ಲ ಸುತ್ತುವುದು ಈ ಕೊರತೆಯ ಸುತ್ತಲೇ.

ಪರಿಭಾಷೆ

ಕನ್ನಡದ ನ್ಯಾಯಾಲಯ ಭಾಷೆಯಲ್ಲಿ ಬಳಕೆಯಲ್ಲಿರುವ ಮಾತು ‘ಖುಲಾಸೆ’. ಆಡುಮಾತಿನಲ್ಲಿ ‘ಕೇಸು ಬಿತ್ತು’, ‘ಕೇಸು ಬಿಟ್ಟುಹೋಯಿತು’, ‘ಪಾರಾದ’ ಎನ್ನುತ್ತಾರೆ. ಮೂರರಲ್ಲಿ ಒಂದಕ್ಕೂ ‘ಅವನು ನಿರಪರಾಧಿ’ ಎಂಬ ಅರ್ಥವಿಲ್ಲ. ಕಾನೂನಿನಲ್ಲೂ ಹಾಗೆಯೇ. ಆರೋಪ ಸಂಶಯಾತೀತವಾಗಿ ಸಾಬೀತಾಗಲಿಲ್ಲ ಎಂದಷ್ಟೇ ನ್ಯಾಯಾಲಯ ಹೇಳುತ್ತದೆ. ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ. ನಿರಪರಾಧಿಯೆಂಬ ಘೋಷಣೆ ಕೊಡುವ ವಿಧಿ ಕ್ರಿಮಿನಲ್ ಪ್ರಕ್ರಿಯೆಯಲ್ಲಿಲ್ಲ. ‘ಗೌರವಯುತ ಖುಲಾಸೆ’ ಎಂಬ ಮಾತು ಸರ್ಕಾರಿ ನೌಕರಿಯ ವ್ಯಾಜ್ಯಗಳಲ್ಲಿ ಕೇಳಿಬರುತ್ತದಾದರೂ 2024ರವರೆಗೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದರ ಸುಳಿವಿರಲಿಲ್ಲ. ಹೀಗಾಗಿ ಸಾಕ್ಷಿ ತಿರುಗಿಬಿದ್ದು ಪಾರಾದ ಅಪರಾಧಿಯೂ ಸುಳ್ಳು ಮೊಕದ್ದಮೆಯಲ್ಲಿ ಸಿಕ್ಕಿ ಬಿಡುಗಡೆಯಾದ ಅಮಾಯಕನೂ ದಾಖಲೆಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಪರಿಹಾರದ ಪ್ರಶ್ನೆ ಬಂದಾಗ ಸರ್ಕಾರಗಳು ಎತ್ತುವ ಮೊದಲ ತಕರಾರೂ ಇದೇ.

ಕಾನೂನಿನ ಹಿನ್ನೆಲೆ

ವಸಾಹತು ಕಾಲದ ಶಾಸನಕರ್ತರು ತಮ್ಮದೇ ಪೊಲೀಸರನ್ನು ಪೂರ್ತಿ ನಂಬಿರಲಿಲ್ಲ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 25ನೇ ಕಲಮು, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಕೂಡದು ಎಂದಿತು. ಆದರೆ 27ನೇ ಕಲಮು ಒಂದು ಕಿಂಡಿ ಬಿಟ್ಟಿತು. ಆರೋಪಿ ಕೊಟ್ಟ ಮಾಹಿತಿಯಿಂದ ವಸ್ತುವೊಂದು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಈ ನಿಷೇಧವನ್ನೂ ಕಿಂಡಿಯನ್ನೂ 23ನೇ ಕಲಮಿನಲ್ಲಿ ಒಟ್ಟಿಗೆ ಉಳಿಸಿಕೊಂಡಿದೆ.

ವಿಶೇಷ ಕಾನೂನುಗಳು ಈ ನಿಷೇಧವನ್ನೇ ಸಡಿಲಿಸಿದವು. ಭಯೋತ್ಪಾದನೆ ತಡೆಯುವ 1987ರ ಟಾಡಾ ಮತ್ತು 2002ರ ಪೋಟಾ ಕಾಯಿದೆಗಳು ಹಿರಿಯ ಪೊಲೀಸ್ ಅಧಿಕಾರಿ ದಾಖಲಿಸಿಕೊಂಡ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಿದವು. ಮಹಾರಾಷ್ಟ್ರದ ಸಂಘಟಿತ ಅಪರಾಧ ನಿಯಂತ್ರಣ ಕಾನೂನು ಹಾಗೂ ಅದರ ಮಾದರಿಯಲ್ಲಿ ರೂಪುಗೊಂಡ ಕರ್ನಾಟಕದ ‘ಕೋಕಾ’ದಲ್ಲೂ ಇದೇ ಅವಕಾಶವಿದೆ. ನಂತರದ ವರ್ಷಗಳಲ್ಲಿ ಬಿದ್ದುಹೋದ ದೊಡ್ಡ ಭಯೋತ್ಪಾದನಾ ಪ್ರಕರಣಗಳಲ್ಲಿ ಕೆಲವು ನಿಂತದ್ದು ಇಂಥ ತಪ್ಪೊಪ್ಪಿಗೆಗಳ ಮೇಲೆಯೇ.

ಹೊಣೆಗಾರಿಕೆಯ ಕಥೆ ಬೇರೆ ದಾರಿಯಲ್ಲಿ ಸಾಗಿತು. 1947ರ ಸೆಪ್ಟೆಂಬರಿನಲ್ಲಿ ಅಮೃತಸರದ ಚಿನ್ನದ ವ್ಯಾಪಾರಿಯೊಬ್ಬನನ್ನು ಮೀರತ್ ಪೊಲೀಸರು ಶಂಕೆಯ ಮೇಲೆ ಹಿಡಿದು, ಅವನ ಬಳಿಯಿದ್ದ ಚಿನ್ನವನ್ನು ಠಾಣೆಯ ಮಾಲ್‌ಖಾನೆಯಲ್ಲಿಟ್ಟರು. ಮಾಲ್‌ಖಾನೆಯ ಹೆಡ್ ಕಾನ್‌ಸ್ಟೆಬಲ್ ಆ ಚಿನ್ನದೊಂದಿಗೆ ಪಾಕಿಸ್ತಾನಕ್ಕೆ ಪರಾರಿಯಾದ. ವ್ಯಾಪಾರಿಯ ಸಂಸ್ಥೆ ಹೂಡಿದ ಕಸ್ತೂರಿಲಾಲ್ ಪ್ರಕರಣದಲ್ಲಿ, ಬಂಧನ ಮತ್ತು ಜಫ್ತಿ ಸಾರ್ವಭೌಮ ಅಧಿಕಾರದ ಚಲಾವಣೆ, ಅದರಲ್ಲಿ ಸಿಬ್ಬಂದಿ ಎಸಗಿದ ನಿರ್ಲಕ್ಷ್ಯಕ್ಕೆ ಸರ್ಕಾರ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 1979ರಲ್ಲಿ ಭಾರತ ಅಂತರರಾಷ್ಟ್ರೀಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿದಾಗಲೂ, ಕಾನೂನುಬಾಹಿರ ಬಂಧನಕ್ಕೆ ಪರಿಹಾರ ಕೇಳುವ ಹಕ್ಕು ನೀಡುವ ಅದರ 9(5)ನೇ ವಿಧಿಗೆ ತಾನು ಬದ್ಧವಲ್ಲವೆಂಬ ವಿನಾಯಿತಿ ಘೋಷಣೆಯನ್ನು ದಾಖಲಿಸಿತು. ಭಾರತೀಯ ಕಾನೂನಿನಲ್ಲಿ ಅಂಥ ಹಕ್ಕಿಲ್ಲ ಎಂಬುದೇ ಕಾರಣ.

ಈ ಗೋಡೆಯಲ್ಲಿ ಮೊದಲ ಬಿರುಕು ಮೂಡಿದ್ದು 1983ರಲ್ಲಿ. ರುದುಲ್ ಸಾ ವಿರುದ್ಧ ಬಿಹಾರ ಪ್ರಕರಣದ ಅರ್ಜಿದಾರ 1968ರ ಜೂನಿನಲ್ಲೇ ಖುಲಾಸೆಯಾಗಿದ್ದ. ಬಿಡುಗಡೆಯಾದದ್ದು 1982ರ ಅಕ್ಟೋಬರಿನಲ್ಲಿ. ನಡುವಿನ 14 ವರ್ಷ ಅವನು ಜೈಲಿನಲ್ಲಿದ್ದುದು ಯಾವ ತೀರ್ಪಿನಿಂದಲೂ ಅಲ್ಲ. ಅವನಿಗೆ ಬುದ್ಧಿಭ್ರಮಣೆ ಇತ್ತೆಂದು ಸರ್ಕಾರ ಹೇಳಿತು. ಅದನ್ನು ತೋರಿಸುವ ದಾಖಲೆ ಒದಗಿಸಲಾಗಲಿಲ್ಲ. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ, ಸಂವಿಧಾನದ 32ನೇ ವಿಧಿಯಡಿಯಲ್ಲೇ ಪರಿಹಾರ ಕೊಡಬಹುದೆಂದು ಸಾರಿ, ಮೊದಲೇ ಕೊಟ್ಟಿದ್ದ 5,000 ರೂಪಾಯಿಗೆ 30,000 ರೂಪಾಯಿ ಸೇರಿಸಿತು. ಪೊಲೀಸ್ ವಶದಲ್ಲಿ ಸತ್ತ ಯುವಕನ ತಾಯಿಗೆ ಒಂದೂವರೆ ಲಕ್ಷ ರೂಪಾಯಿ ಕೊಡಿಸಿದ 1993ರ ನೀಲಾಬತಿ ಬೆಹೆರಾ ತೀರ್ಪು ಈ ತತ್ತ್ವವನ್ನು ಗಟ್ಟಿಗೊಳಿಸಿತು: ಮೂಲಭೂತ ಹಕ್ಕಿನ ಉಲ್ಲಂಘನೆಗೆ ಪರಿಹಾರ ಕೇಳಿದಾಗ ಸಾರ್ವಭೌಮ ರಕ್ಷಣೆಯ ನೆಪ ನಡೆಯದು. ಆದರೆ ಈ ಪರಿಹಾರ ಇಂದಿಗೂ ಪೀಠದ ವಿವೇಚನೆಗೆ ಬಿಟ್ಟದ್ದು. ಕೇಳಿದವರಿಗೆಲ್ಲ ಸಿಗುವ ಹಕ್ಕಾಗಿ ಅದು ಬೆಳೆದಿಲ್ಲ.

ತಪ್ಪು ಹುಟ್ಟುವ ಬಗೆ

ಮೊದಲನೆಯದು ಠಾಣೆಯಲ್ಲೇ ಸಿದ್ಧವಾಗುವ ಕಾಗದ. ಠಾಣೆಯ ಕಡತವೊಂದನ್ನು ತೆರೆದರೆ ಮೂರು ಕಾಗದಗಳು ಸಾಮಾನ್ಯವಾಗಿ ಸಿಗುತ್ತವೆ: ಆರೋಪಿಯ ‘ಸ್ವ-ಇಚ್ಛಾ ಹೇಳಿಕೆ’, ಜಫ್ತಿ ಮಹಜರು, ಅದಕ್ಕೆ ಪಂಚರ ಸಹಿ. ಹೇಳಿಕೆಯಲ್ಲಿ ಆರೋಪಿ ಅಪರಾಧದ ಕಥೆಯನ್ನೆಲ್ಲ ಹೇಳಿ, ಕೊನೆಗೆ ‘ನನ್ನೊಂದಿಗೆ ಬಂದರೆ ಕತ್ತಿ ಬಚ್ಚಿಟ್ಟ ಜಾಗ ತೋರಿಸುತ್ತೇನೆ’ ಎನ್ನುತ್ತಾನೆ. ಸಾಕ್ಷ್ಯವಾಗುವುದು ಕೊನೆಯ ಆ ಒಂದು ಮಾತು ಮಾತ್ರ. ಆದರೆ ಓದುವವರ ಮನಸ್ಸಿನಲ್ಲಿ ಉಳಿಯುವುದು ಇಡೀ ಕಥೆ. ಎಷ್ಟೋ ಮಹಜರುಗಳ ಪಂಚರು ಆಮೇಲೆ ಕಟಕಟೆಯಲ್ಲಿ ನಿಂತು, ‘ಠಾಣೆಯಲ್ಲಿ ಕರೆದು ಸಹಿ ಮಾಡಿಸಿಕೊಂಡರು, ಏನು ಬರೆದಿತ್ತೋ ಗೊತ್ತಿಲ್ಲ’ ಎಂದು ಪ್ರತಿಕೂಲ ಸಾಕ್ಷಿಗಳಾಗುತ್ತಾರೆ. 2024ರಲ್ಲಿ ಕರ್ನಾಟಕದ ಕೊಲೆ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್, ತನಿಖಾಧಿಕಾರಿ ಇಂಥ ಕಾಗದಕ್ಕೆ ನಿಶಾನೆ ಗುರುತು ಹಾಕಿಸಿದ ಮಾತ್ರಕ್ಕೆ ಅದರ ಒಳಮಾತು ರುಜುವಾತಾಗುವುದಿಲ್ಲ, ಆರೋಪಿ ನಿಜಕ್ಕೂ ಏನು ಹೇಳಿದನೆಂಬುದನ್ನು ಅಧಿಕಾರಿ ಸಾಕ್ಷಿ ನುಡಿಯಬೇಕು ಎಂದು ಸ್ಪಷ್ಟಪಡಿಸಿತು.

ಎರಡನೆಯದು ತಪ್ಪು ಗುರುತು. ಗುರುತು ಪತ್ತೆ ಪರೇಡಿಗೆ ಮೊದಲೇ ಆರೋಪಿಯ ಚಿತ್ರ ಪತ್ರಿಕೆಯಲ್ಲೋ ಟಿವಿಯಲ್ಲೋ ಬಂದಿರುತ್ತದೆ, ಇಲ್ಲವೆ ಠಾಣೆಯ ಆವರಣದಲ್ಲಿ ಸಾಕ್ಷಿ ಅವನನ್ನು ನೋಡಿರುತ್ತಾನೆ. ಘಟನೆ ನಡೆದು ತಿಂಗಳುಗಳ ನಂತರ ನಡೆಸಿದ ಪರೇಡಿನಲ್ಲಿ ಸಾಕ್ಷಿ ಬೆರಳು ಮಾಡುವುದು ಯಾವ ನೆನಪಿನಿಂದ ಎಂಬುದನ್ನು ಅವನೇ ಬಿಡಿಸಿ ಹೇಳಲಾರ.

ಮೂರನೆಯದು ವಿಧಿವಿಜ್ಞಾನ. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಒಂದು ಕಾಲಕ್ಕೆ ನಾರ್ಕೋ ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಬೇರೆ ರಾಜ್ಯಗಳ ಆರೋಪಿಗಳನ್ನೂ ಇಲ್ಲಿಗೆ ಕರೆತರುತ್ತಿದ್ದರು. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ನಾರ್ಕೋ, ಪಾಲಿಗ್ರಾಫ್, ಬ್ರೇನ್ ಮ್ಯಾಪಿಂಗ್ ನಡೆಸುವುದು ಸಂವಿಧಾನದ 20(3)ನೇ ವಿಧಿಗೆ ವಿರುದ್ಧವೆಂದಿತು. ಡಿಎನ್‌ಎ ಪರೀಕ್ಷೆ ಇವುಗಳಿಗಿಂತ ಎಷ್ಟೋ ನಂಬಲರ್ಹ. ಆದರೂ ಮಾದರಿ ತೆಗೆದಲ್ಲಿಂದ ಪ್ರಯೋಗಾಲಯದವರೆಗೆ ಅದು ಯಾರ ಕೈಯಲ್ಲಿತ್ತು, ಮೊಹರು ಕೆಟ್ಟಿತ್ತೇ ಎಂಬ ದಾಖಲೆ ಇಲ್ಲದಿದ್ದರೆ ಅದರ ವರದಿಗೂ ಬೆಲೆಯಿಲ್ಲ. 2025ರ ಜುಲೈನಲ್ಲಿ ತಮಿಳುನಾಡಿನ ಮರಣದಂಡನೆಯ ಕೈದಿಯೊಬ್ಬನನ್ನು ಖುಲಾಸೆಗೊಳಿಸುವಾಗ ಸುಪ್ರೀಂ ಕೋರ್ಟ್ ಡಿಎನ್‌ಎ ಮಾದರಿಗಳ ನಿರ್ವಹಣೆಗೆ ದೇಶವ್ಯಾಪಿ ಸೂಚನೆಗಳನ್ನು ಕೊಟ್ಟದ್ದು ಈ ಕಾರಣಕ್ಕೆ.

ನಾಲ್ಕನೆಯದು ದುರ್ಬಲ ಪ್ರತಿವಾದ. ಮಧ್ಯಪ್ರದೇಶದ ಖಂಡ್ವಾದಲ್ಲಿ 2013ರಲ್ಲಿ ಬಾಲಕಿಯೊಬ್ಬಳ ಅತ್ಯಾಚಾರ–ಕೊಲೆ ಆರೋಪಿಗೆ ನ್ಯಾಯಾಲಯ ವಕೀಲರನ್ನು ನೇಮಿಸಿದ್ದು ಆರೋಪ ಹೊರಿಸಿದ ದಿನವೇ. ಎರಡು ವಾರ ತುಂಬುವುದರೊಳಗೆ ವಿಚಾರಣೆ ಮುಗಿದು ಮರಣದಂಡನೆಯಾಯಿತು. 2019ರಲ್ಲಿ ಸುಪ್ರೀಂ ಕೋರ್ಟ್ ಮರುವಿಚಾರಣೆಗೆ ಆದೇಶಿಸಿ, ಇಂಥ ಮೊಕದ್ದಮೆಗಳಲ್ಲಿ ಕನಿಷ್ಠ ಹತ್ತು ವರ್ಷ ಅನುಭವದ ವಕೀಲರಿರಬೇಕು, ತಯಾರಿಗೆ ಕನಿಷ್ಠ ಏಳು ದಿನ ಸಿಗಬೇಕು ಎಂದಿತು. ಆ ವ್ಯಕ್ತಿ ಕೊನೆಗೆ 2024ರಲ್ಲಿ, ಹನ್ನೊಂದು ವರ್ಷಗಳ ಸೆರೆವಾಸದ ನಂತರ ಖುಲಾಸೆಯಾದ.

ಇವೆಲ್ಲದರ ಹಿಂದೆ ಸದ್ದಿಲ್ಲದೆ ಕೆಲಸ ಮಾಡುವ ಒತ್ತಡವೊಂದಿದೆ. ಭೀಕರ ಅಪರಾಧ ನಡೆದಾಗ ‘ಪತ್ತೆಯಾಯಿತು’ ಎಂದು ಹೇಳಬೇಕಾದ ಅವಸರ ಠಾಣೆಯ ಮೇಲಿರುತ್ತದೆ. ಹಳೆಯ ದಾಖಲೆಯಲ್ಲಿ ಹೆಸರಿರುವವರು, ಅಲೆಮಾರಿಗಳು, ವಕೀಲರಿಗೆ ಹಣ ತೆರಲಾಗದವರು ಮೊದಲು ಕೈಗೆ ಸಿಗುತ್ತಾರೆ.

ಕೆಲವು ಪ್ರಕರಣಗಳು

ಬೇಹುಗಾರಿಕೆಯ ಆರೋಪ, 1994. ಇಸ್ರೋದ ಕ್ರಯೋಜೆನಿಕ್ ಯೋಜನೆಯ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಕೇರಳ ಪೊಲೀಸರು 1994ರ ನವೆಂಬರ್ 30ರಂದು ಬಂಧಿಸಿದರು. 50 ದಿನ ಅವರು ಸೆರೆಯಲ್ಲಿದ್ದರು. ತನಿಖೆ ವಹಿಸಿಕೊಂಡ ಸಿಬಿಐ 1996ರಲ್ಲಿ ಆರೋಪಕ್ಕೆ ಆಧಾರವಿಲ್ಲವೆಂದು ವರದಿ ಕೊಟ್ಟಿತು. ಮರುತನಿಖೆಗೆ ಕೇರಳ ಸರ್ಕಾರ ಹೊರಡಿಸಿದ ಆದೇಶವನ್ನು 1998ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಅಲ್ಲಿಂದ ಇನ್ನೂ ಇಪ್ಪತ್ತು ವರ್ಷ ಅವರು ನಡೆಸಿದ ಹೋರಾಟ ಬಿಡುಗಡೆಗಾಗಿ ಅಲ್ಲ, ಹೊಣೆಗಾರಿಕೆಗಾಗಿ. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ವಿಧಿಸಿ, ಅಧಿಕಾರಿಗಳ ಪಾತ್ರ ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್ ಸಮಿತಿಯನ್ನು ನೇಮಿಸಿತು. ಕೇರಳ ಸರ್ಕಾರ ಆಮೇಲೆ 1.3 ಕೋಟಿ ರೂಪಾಯಿ ಕೊಟ್ಟಿತು. 2021ರಲ್ಲಿ ಸಮಿತಿಯ ವರದಿಯನ್ನು ಸಿಬಿಐ ತನಿಖೆಗೆ ಒಪ್ಪಿಸಲಾಯಿತು. ಇದೇ ಮೊಕದ್ದಮೆಯಲ್ಲಿ ಬಂಧನಕ್ಕೊಳಗಾಗಿದ್ದವರಲ್ಲಿ ರಷ್ಯದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದ ಬೆಂಗಳೂರಿನ ಉದ್ಯಮಿಯೊಬ್ಬರೂ ಇದ್ದರು. ಅವರು 2018ರ ತೀರ್ಪು ಬಂದ ಎರಡು ದಿನಕ್ಕೆ ತೀರಿಕೊಂಡರು. ತೀರ್ಪಿನ ದಿನವೇ ಅವರಿಗೆ ಪ್ರಜ್ಞೆ ತಪ್ಪಿತ್ತು.

ಕಲಬುರಗಿಯ ವಿದ್ಯಾರ್ಥಿ, 1994–2016. ಬಾಬರಿ ಮಸೀದಿ ಧ್ವಂಸದ ಮೊದಲ ವರ್ಷದ ದಿನ ರೈಲುಗಳಲ್ಲಿ ನಡೆದ ಸ್ಫೋಟಗಳ ಸಂಬಂಧ ಕಲಬುರಗಿಯ ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು 1994ರ ಜನವರಿಯಲ್ಲಿ ಹಿಡಿಯಲಾಯಿತು. ಟಾಡಾ ಅಡಿ ಜೀವಾವಧಿ ಶಿಕ್ಷೆಯಾಯಿತು. ಅವನ ವಿರುದ್ಧದ ಮುಖ್ಯ ಆಧಾರ ಪೊಲೀಸ್ ವಶದಲ್ಲಿ ಪಡೆದ ತಪ್ಪೊಪ್ಪಿಗೆ. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಅವನನ್ನು ಖುಲಾಸೆ ಮಾಡಿತು. ಇಪ್ಪತ್ತರ ಆಸುಪಾಸಿನಲ್ಲಿ ಒಳಹೋದವನು ಹೊರಬಂದದ್ದು ನಲವತ್ತು ದಾಟಿದ ಮೇಲೆ.

ಅಕ್ಷರಧಾಮ, 2002–2014. ಗಾಂಧಿನಗರದ ಅಕ್ಷರಧಾಮ ದೇವಾಲಯದ ಮೇಲೆ 2002ರ ಸೆಪ್ಟೆಂಬರ್ 24ರಂದು ನಡೆದ ದಾಳಿಯ ಪ್ರಕರಣದಲ್ಲಿ ಪೋಟಾ ನ್ಯಾಯಾಲಯ ಆರು ಮಂದಿಯನ್ನು ದೋಷಿಗಳೆಂದಿತು, ಮೂವರಿಗೆ ಮರಣದಂಡನೆಯಾಯಿತು. ದಾಳಿಕೋರರ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿದ್ದೆಂದು ಹೇಳಲಾದ ಎರಡು ಪತ್ರಗಳು ಮುಖ್ಯ ಸಾಕ್ಷ್ಯಗಳಲ್ಲಿ ಒಂದು. ಶವಗಳು ಗುಂಡೇಟುಗಳಿಂದ ಛಿದ್ರವಾಗಿ ರಕ್ತದಲ್ಲಿ ತೊಯ್ದಿದ್ದವು. ಪತ್ರಗಳಲ್ಲಿ ತೂತಿಲ್ಲ, ಕಲೆಯಿಲ್ಲ. 2014ರ ಮೇ 16ರಂದು ಸುಪ್ರೀಂ ಕೋರ್ಟ್ ಆರೂ ಮಂದಿಯನ್ನು ಬಿಡುಗಡೆ ಮಾಡಿ ತನಿಖೆಯನ್ನು ಕಟುವಾಗಿ ಖಂಡಿಸಿತು. ಅವರಲ್ಲಿ ಕೆಲವರು ಪರಿಹಾರ ಕೇಳಿ 2016ರಲ್ಲಿ ಅದೇ ನ್ಯಾಯಾಲಯಕ್ಕೆ ಬಂದಾಗ, ಖುಲಾಸೆಯಾದವರಿಗೆಲ್ಲ ಪರಿಹಾರ ಕೊಡತೊಡಗಿದರೆ ಅದು ಅಪಾಯಕಾರಿ ಪೂರ್ವನಿದರ್ಶನವಾದೀತೆಂಬ ಕಾರಣಕ್ಕೆ ಅರ್ಜಿ ಮುಂದುವರಿಯಲಿಲ್ಲ.

ಮಹಾರಾಷ್ಟ್ರದ ಆರು ಅಲೆಮಾರಿಗಳು, 2003–2019. ಮಹಾರಾಷ್ಟ್ರದ ತೋಟದ ಮನೆಯೊಂದರಲ್ಲಿ 2003ರ ಜೂನಿನಲ್ಲಿ ದರೋಡೆ, ಅತ್ಯಾಚಾರ ಮತ್ತು ಐವರ ಕೊಲೆ ನಡೆಯಿತು. ಬದುಕುಳಿದ ಮಹಿಳೆ ಎರಡೇ ದಿನದಲ್ಲಿ ಪೊಲೀಸರ ಬಳಿಯಿದ್ದ ಚಿತ್ರಗಳಿಂದ ನಾಲ್ವರು ಹಳೆಯ ಅಪರಾಧಿಗಳನ್ನು ಗುರುತಿಸಿದ್ದಳು. ಆ ಹೇಳಿಕೆ ಕಡತದಲ್ಲಿತ್ತು. ಆದರೆ ಅಭಿಯೋಜಕರು ಅದನ್ನು ನ್ಯಾಯಾಲಯದ ಮುಂದೆ ತರಲಿಲ್ಲ. ಆ ನಾಲ್ವರನ್ನು ಹಿಡಿಯಲಿಲ್ಲ, ಬದಲಿಗೆ ಅಲೆಮಾರಿ ಸಮುದಾಯದ ಬೇರೆ ಆರು ಮಂದಿಯ ವಿಚಾರಣೆ ನಡೆಯಿತು. 2006ರಲ್ಲಿ ಎಲ್ಲರಿಗೂ ಮರಣದಂಡನೆ. 2007ರಲ್ಲಿ ಬಾಂಬೆ ಹೈಕೋರ್ಟ್ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್ ಆ ಮೂವರಿಗೂ ಮತ್ತೆ ಮರಣದಂಡನೆ ಕೊಟ್ಟಿತು. ಅವರಲ್ಲಿ ಒಬ್ಬ ಘಟನೆಯ ವೇಳೆ ಬಾಲಕನಾಗಿದ್ದನೆಂಬುದು ಶಿಕ್ಷೆಯೆಲ್ಲ ಖಾಯಂ ಆದ ಮೇಲೆ ಬೆಳಕಿಗೆ ಬಂತು. ಪುನರ್‌ಪರಿಶೀಲನಾ ಅರ್ಜಿಯನ್ನು ಮತ್ತೆ ತೆರೆದು ವಿಚಾರಿಸಿದ ಸುಪ್ರೀಂ ಕೋರ್ಟ್ 2019ರ ಮಾರ್ಚ್ 5ರಂದು ಆರೂ ಮಂದಿಯನ್ನು ಖುಲಾಸೆ ಮಾಡಿ, ತಲಾ 5 ಲಕ್ಷ ರೂಪಾಯಿ ಕೊಡಲು ಹಾಗೂ ತಪ್ಪಿತಸ್ಥ ಅಧಿಕಾರಿಗಳನ್ನು ಗುರುತಿಸಿ ಕ್ರಮ ಕೈಗೊಳ್ಳಲು ಮಹಾರಾಷ್ಟ್ರಕ್ಕೆ ಹೇಳಿತು. ದೇಶದ ಅತ್ಯುನ್ನತ ನ್ಯಾಯಾಲಯ ತಾನೇ ಕೊಟ್ಟ ಮರಣದಂಡನೆಯನ್ನು ತಾನೇ ತಪ್ಪೆಂದು ಒಪ್ಪಿದ ಅಪರೂಪದ ಸಂದರ್ಭವಿದು.

ಕೊಡಗಿನ ಕೊಲೆ, 2020–2025. ಕುಶಾಲನಗರ ಬಳಿಯ ಕೂಲಿಕಾರನೊಬ್ಬ ಹೆಂಡತಿ ಕಾಣೆಯಾಗಿದ್ದಾಳೆಂದು 2020ರಲ್ಲಿ ದೂರು ಕೊಟ್ಟ. ಆಮೇಲೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಕಡೆ ಹೆಣ್ಣಿನ ಅಸ್ಥಿಪಂಜರವೊಂದು ಸಿಕ್ಕಿತು. ಅದು ಅವನ ಹೆಂಡತಿಯದೇ ಎಂದು ಪೊಲೀಸರು ಕೊಲೆ ಆರೋಪ ಹೊರಿಸಿದರು. ಡಿಎನ್‌ಎ ವರದಿ ಬರುವ ಮೊದಲೇ ದೋಷಾರೋಪ ಪಟ್ಟಿ ಸಲ್ಲಿಸಿದರು. ಬಂದ ವರದಿ ತಾಳೆಯಾಗಲಿಲ್ಲ. ಆದರೂ ಮೊಕದ್ದಮೆ ನಡೆಯಿತು. ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದು ಅವನು ಜಾಮೀನು ಪಡೆದ. 2025ರ ಏಪ್ರಿಲ್ 1ರಂದು ‘ಸತ್ತ’ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಪರಿಚಯದವರ ಕಣ್ಣಿಗೆ ಬಿದ್ದಳು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವಳನ್ನು ಕಣ್ಣಾರೆ ಕಂಡು, ಅವನನ್ನು ದೋಷಮುಕ್ತಗೊಳಿಸಿ, ಒಂದು ಲಕ್ಷ ರೂಪಾಯಿ ಪರಿಹಾರಕ್ಕೂ ತನಿಖಾಧಿಕಾರಿಯ ವಿರುದ್ಧ ಕ್ರಮಕ್ಕೂ ಆದೇಶಿಸಿತು. ಹೆಚ್ಚಿನ ಪರಿಹಾರ ಕೋರಿ ಅವನು ಹೈಕೋರ್ಟಿನ ಮೊರೆಹೋದ. ಈ ಪ್ರಕರಣ ಇನ್ನೊಂದು ಪ್ರಶ್ನೆಯನ್ನೂ ಉಳಿಸಿತು: ಆ ಅಸ್ಥಿಪಂಜರ ಯಾರದು? ತಪ್ಪು ವ್ಯಕ್ತಿಯನ್ನು ಹಿಡಿದಾಗಲೆಲ್ಲ ಸತ್ತ ಇನ್ನೊಬ್ಬರ ತನಿಖೆ ನಿಂತುಹೋಗುತ್ತದೆ.

ಮುಂಬೈ ರೈಲು ಸ್ಫೋಟ, 2006–2025. 2006ರ ಜುಲೈ 11ರ ಸರಣಿ ಸ್ಫೋಟಗಳ ಪ್ರಕರಣದಲ್ಲಿ 2015ರಲ್ಲಿ ವಿಶೇಷ ನ್ಯಾಯಾಲಯ ಐವರಿಗೆ ಮರಣದಂಡನೆ, ಏಳು ಮಂದಿಗೆ ಜೀವಾವಧಿ ವಿಧಿಸಿತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಅವರನ್ನೆಲ್ಲ ಖುಲಾಸೆ ಮಾಡಿತು. ಮೂರು ದಿನಗಳ ನಂತರ ಸುಪ್ರೀಂ ಕೋರ್ಟ್, ಆ ತೀರ್ಪನ್ನು ಬೇರೆ ಮೊಕದ್ದಮೆಗಳಲ್ಲಿ ಪೂರ್ವನಿದರ್ಶನವಾಗಿ ಬಳಸಬಾರದೆಂದು ಆದೇಶಿಸಿತು. ಬಿಡುಗಡೆಯಾದವರು ಮತ್ತೆ ಜೈಲಿಗೆ ಹೋಗಬೇಕಾಗಲಿಲ್ಲ.

ಹೊಣೆಗಾರಿಕೆಯ ಕಾನೂನು

ಸುಳ್ಳು ಸಾಕ್ಷ್ಯ ಸೃಷ್ಟಿಸುವವರನ್ನು ದಂಡಿಸುವ ಕಲಮುಗಳು 1860ರ ದಂಡ ಸಂಹಿತೆಯಿಂದಲೂ ಇವೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮು ಸುಳ್ಳು ಸಾಕ್ಷ್ಯಕ್ಕೆ ಶಿಕ್ಷೆ ಹೇಳುತ್ತದೆ. 230ನೇ ಕಲಮು ಮರಣದಂಡನೆಯ ಅಪರಾಧದಲ್ಲಿ ಇನ್ನೊಬ್ಬನನ್ನು ಸಿಲುಕಿಸಲು ಸುಳ್ಳು ಸಾಕ್ಷ್ಯ ಒಡ್ಡಿದವರಿಗೆ ಜೀವಾವಧಿಯವರೆಗೂ, ಅದರಿಂದ ನಿರಪರಾಧಿ ಗಲ್ಲಿಗೇರಿದರೆ ಮರಣದಂಡನೆಯವರೆಗೂ ಶಿಕ್ಷೆ ವಿಧಿಸಲು ಅವಕಾಶ ಕೊಡುತ್ತದೆ. ಸುಳ್ಳು ಆರೋಪ ಹೂಡುವುದು 248ನೇ ಕಲಮಿನಡಿ, ಅಧಿಕಾರ ದುರುಪಯೋಗದ ಅಕ್ರಮ ಬಂಧನ 258ನೇ ಕಲಮಿನಡಿ ಅಪರಾಧ. ಕಾಗದದ ಮೇಲೆ ಕಠಿಣವಾಗಿರುವ ಈ ಕಲಮುಗಳ ದಾರಿಗೆ ಎರಡು ಬಾಗಿಲುಗಳು ಅಡ್ಡ ಇವೆ.

ಮೊದಲನೆಯದು, ನ್ಯಾಯಾಲಯದಲ್ಲಿ ನುಡಿದ ಸುಳ್ಳಿಗೆ ಮೊಕದ್ದಮೆ ಹೂಡಬೇಕಾದರೆ ಆ ನ್ಯಾಯಾಲಯವೇ ದೂರು ಕೊಡಬೇಕು. ಕೆಲಸದ ಹೊರೆಯಲ್ಲಿರುವ ಸೆಷನ್ಸ್ ನ್ಯಾಯಾಲಯಗಳು ಅಷ್ಟು ದೂರ ಹೋಗುವುದು ವಿರಳ. ಎರಡನೆಯದು, ಕರ್ತವ್ಯದ ವೇಳೆ ಎಸಗಿದ್ದೆಂದು ಹೇಳಲಾಗುವ ಕೃತ್ಯಕ್ಕೆ ಸರ್ಕಾರಿ ನೌಕರನನ್ನು ವಿಚಾರಣೆಗೆ ಗುರಿಪಡಿಸಲು ಸರ್ಕಾರದ ಪೂರ್ವಾನುಮತಿ ಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮು ಇದಕ್ಕೆ 120 ದಿನದ ಗಡುವು ಹಾಕಿ, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿದಂತೆಯೇ ಎಂದಿದೆ. ಇದಕ್ಕೆ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಈ ಗಡುವು ಇರಲಿಲ್ಲ. ನ್ಯಾಯಾಧೀಶರಿಗೆ 1850ರ ಹಾಗೂ 1985ರ ಕಾಯಿದೆಗಳ ರಕ್ಷಣೆಯಿದೆ. ಮೇಲಿನ ನ್ಯಾಯಾಲಯ ತೀರ್ಪು ತಿದ್ದಿದ ಮಾತ್ರಕ್ಕೆ ಕೆಳಗಿನವರು ಉತ್ತರಿಸಬೇಕಾಗಿಲ್ಲ. ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಇದು ಅಗತ್ಯವೆಂಬುದು ಸಾಮಾನ್ಯ ಒಪ್ಪಿತ ಅಭಿಪ್ರಾಯ.

ಈ ದಾರಿಯಲ್ಲಿ ಅತ್ಯಂತ ದೂರ ಹೋದ ತೀರ್ಪು 2014ರ ಜನವರಿ 7ರ ಗುಜರಾತ್ ರಾಜ್ಯ ವಿರುದ್ಧ ಕಿಶನ್‌ಭಾಯ್. ಪ್ರತಿ ರಾಜ್ಯದ ಗೃಹ ಇಲಾಖೆ ಹಿರಿಯ ಪೊಲೀಸ್ ಮತ್ತು ಅಭಿಯೋಜನಾ ಅಧಿಕಾರಿಗಳ ಸ್ಥಾಯಿ ಸಮಿತಿ ರಚಿಸಬೇಕು. ಪ್ರತಿ ಖುಲಾಸೆಯ ಕಾರಣವನ್ನೂ ಅದು ಪರಿಶೀಲಿಸಬೇಕು. ಲೋಪ ಅರಿವಿಲ್ಲದ್ದೋ ಉದ್ದೇಶಪೂರ್ವಕವೋ ಎಂದು ವಿಂಗಡಿಸಿ, ತಪ್ಪಿತಸ್ಥರ ಮೇಲೆ ಇಲಾಖಾ ಕ್ರಮ ಜರುಗಿಸಬೇಕು ಎಂದು ಅದು ಆದೇಶಿಸಿತು. ಅದಕ್ಕೂ ಮುಂಚಿನ 2006ರ ಪ್ರಕಾಶ್ ಸಿಂಗ್ ತೀರ್ಪು ಪೊಲೀಸ್ ದೂರು ಪ್ರಾಧಿಕಾರಗಳನ್ನು ಸೂಚಿಸಿತ್ತು. ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಇದಕ್ಕೆ ಶಾಸನದ ರೂಪ ಕೊಟ್ಟಿತು. ಖುಲಾಸೆ ಪರಿಶೀಲಿಸುವ ಸ್ಥಾಯಿ ಸಮಿತಿಯ ಮಿತಿ ಇದು: ಇಲಾಖೆಯ ತಪ್ಪನ್ನು ಬಹುಮಟ್ಟಿಗೆ ಅಳೆಯುವವರು ಅದೇ ಇಲಾಖೆಯ ಮೇಲಿನವರು.

ಪರಿಹಾರ

ಬುಡವಿಲ್ಲದ ಬಂಧನಕ್ಕೆ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಇರುವ ಪರಿಹಾರ ಗರಿಷ್ಠ 1,000 ರೂಪಾಯಿ. ಅದನ್ನೂ ತೆರಬೇಕಾದವನು ಪೊಲೀಸರಿಂದ ಬಂಧನ ಮಾಡಿಸಿದ ವ್ಯಕ್ತಿ, ಸರ್ಕಾರ ಅಲ್ಲ. ಉಳಿದದ್ದೆಲ್ಲ ರಿಟ್ ಅರ್ಜಿ, ಮಾನವ ಹಕ್ಕು ಆಯೋಗದ ಶಿಫಾರಸು, ಇಲ್ಲವೆ ವರ್ಷಗಟ್ಟಲೆ ಎಳೆಯುವ ಸಿವಿಲ್ ದಾವೆ. ಮೇಲಿನ ಪ್ರಕರಣಗಳನ್ನು ಸಾಲಾಗಿ ಇಟ್ಟರೆ ಏರುಪೇರು ಕಣ್ಣಿಗೆ ಹೊಡೆಯುತ್ತದೆ: 50 ದಿನದ ಸೆರೆವಾಸಕ್ಕೆ 50 ಲಕ್ಷ, 16 ವರ್ಷಕ್ಕೆ 5 ಲಕ್ಷ, ಒಂದೂವರೆ ವರ್ಷಕ್ಕೆ 1 ಲಕ್ಷ, ಕಲಬುರಗಿಯ 22 ವರ್ಷಕ್ಕೆ ತೀರ್ಪಿನಲ್ಲಿ ಏನೂ ಇಲ್ಲ.

2017ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟ್ ಬಬ್ಲೂ ಚೌಹಾಣ್ ಪ್ರಕರಣದಲ್ಲಿ ಈ ಕೊರತೆಯನ್ನು ಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ನ್ಯಾಯಮೂರ್ತಿ ಬಿ.ಎಸ್. ಚೌಹಾಣ್ ಅಧ್ಯಕ್ಷತೆಯ ಆಯೋಗ 2018ರ ಆಗಸ್ಟಿನಲ್ಲಿ 277ನೇ ವರದಿ ಸಲ್ಲಿಸಿತು. ‘ತಪ್ಪು ಶಿಕ್ಷೆ’ಯ ಬದಲು ‘ತಪ್ಪು ಅಭಿಯೋಜನೆ’ಯನ್ನೇ ಅದು ಅಳತೆಗೋಲು ಮಾಡಿಕೊಂಡದ್ದು ಗಮನಾರ್ಹ. ಶಿಕ್ಷೆಯಾಗದೆ ಕೊಳೆತವರಿಗೂ ಇದರಿಂದ ದಾರಿ ತೆರೆಯುತ್ತಿತ್ತು. ದುರುದ್ದೇಶದಿಂದ ಅಥವಾ ಸದ್ಭಾವನೆಯಿಲ್ಲದೆ ನಡೆದ ಮೊಕದ್ದಮೆ ಆರೋಪಿಯ ಪರವಾಗಿ ಮುಗಿದರೆ ಅವನು, ಅವನಿಲ್ಲದಿದ್ದರೆ ವಾರಸುದಾರರು, ಪರಿಹಾರ ಕೇಳಬಹುದು. ಜಿಲ್ಲೆಗೊಂದು ವಿಶೇಷ ನ್ಯಾಯಾಲಯ ಅದನ್ನು ಬೇಗ ತೀರ್ಮಾನಿಸಬೇಕು. ಹಣದ ಜೊತೆಗೆ ಕೌಶಲ ತರಬೇತಿ, ಮಾನಸಿಕ ಆರೋಗ್ಯ ಸೇವೆಗಳೂ ಸೇರಬೇಕು ಎಂಬವು ಮುಖ್ಯ ಶಿಫಾರಸುಗಳು. 2023ರಲ್ಲಿ ಮೂರೂ ಕ್ರಿಮಿನಲ್ ಕಾನೂನುಗಳನ್ನು ಹೊಸದಾಗಿ ಬರೆದಾಗ ಇವಕ್ಕೆ ಜಾಗ ಸಿಗಲಿಲ್ಲ. ತಮಿಳುನಾಡಿನ ಕೈದಿಯ 2025ರ ಜುಲೈ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೊರತೆಯನ್ನು ಮತ್ತೆ ಎತ್ತಿ ತೋರಿಸಿ, ಕಾನೂನು ಮಾಡುವುದನ್ನು ಶಾಸಕಾಂಗಕ್ಕೇ ಬಿಟ್ಟಿತು.

ಬೇರೆ ದೇಶಗಳು

ಬ್ರಿಟನ್ನಿನಲ್ಲಿ 1950ರಲ್ಲಿ ಗಲ್ಲಿಗೇರಿದ ಟಿಮೊತಿ ಇವಾನ್ಸ್‌ಗೆ 1966ರಲ್ಲಿ ಮರಣೋತ್ತರ ಕ್ಷಮಾದಾನ ಸಿಕ್ಕಿತು. ಅವನದೇ ಮನೆಯಲ್ಲಿದ್ದ ನೆರೆಯವನು ಸರಣಿ ಕೊಲೆಗಾರನೆಂಬುದು ಆ ವೇಳೆಗೆ ಗೊತ್ತಾಗಿತ್ತು. 1991ರಲ್ಲಿ, ತಪ್ಪಾಗಿ ಶಿಕ್ಷೆಗೊಳಗಾಗಿದ್ದ ‘ಬರ್ಮಿಂಗ್‌ಹ್ಯಾಂ ಆರು ಮಂದಿ’ ಹದಿನಾರು ವರ್ಷದ ನಂತರ ಬಿಡುಗಡೆಯಾದ ಮೇಲೆ, ಮುಗಿದ ಮೊಕದ್ದಮೆಗಳನ್ನು ಸ್ವತಂತ್ರವಾಗಿ ಮರುಪರಿಶೀಲಿಸುವ ಆಯೋಗ 1997ರಲ್ಲಿ ಕೆಲಸ ಶುರುಮಾಡಿತು. ಭಾರತದಲ್ಲಿ ಇದಕ್ಕೆ ಸಮನಾದ ಸಂಸ್ಥೆಯಿಲ್ಲ. ಅಮೆರಿಕದಲ್ಲಿ 1992ರಲ್ಲಿ ಆರಂಭವಾದ ಇನ್ನೊಸೆನ್ಸ್ ಪ್ರಾಜೆಕ್ಟ್ ಡಿಎನ್‌ಎ ಮೂಲಕ ಹಳೆಯ ಶಿಕ್ಷೆಗಳನ್ನು ಪ್ರಶ್ನಿಸಿತು. ಅಲ್ಲಿನ ಟೆಕ್ಸಸ್‌ನಲ್ಲಿ ಮೈಕೆಲ್ ಮಾರ್ಟನ್ 1987ರಿಂದ 2011ರವರೆಗೆ ಹೆಂಡತಿಯ ಕೊಲೆಗಾರನೆಂದು ಜೈಲಿನಲ್ಲಿದ್ದರು. ಅವರ ಪರವಾದ ಸಾಕ್ಷ್ಯ ಮುಚ್ಚಿಟ್ಟ ಅಭಿಯೋಜಕ ಆಮೇಲೆ ನ್ಯಾಯಾಧೀಶನಾಗಿದ್ದ. 2013ರಲ್ಲಿ ಅವನಿಗೆ ಹತ್ತು ದಿನ ಜೈಲಾಯಿತು, ವಕೀಲಿ ಸನ್ನದೂ ಹೋಯಿತು. ಜಪಾನಿನ ಇವಾವೊ ಹಕಮಾದ 1968ರಲ್ಲಿ ಮರಣದಂಡನೆಯ ತೀರ್ಪಿಗೊಳಗಾಗಿ 2024ರ ಸೆಪ್ಟೆಂಬರಿನಲ್ಲಿ ನಿರ್ದೋಷಿಯಾದರು. ಹುದುಗಿಸಿದ ಸೋಯಾ ಮುದ್ದೆಯ ತೊಟ್ಟಿಯಲ್ಲಿ ಸಿಕ್ಕಿದ್ದೆಂದ ರಕ್ತಸಿಕ್ತ ಬಟ್ಟೆಗಳು ತನಿಖಾಧಿಕಾರಿಗಳ ಸೃಷ್ಟಿಯೆಂದು ನ್ಯಾಯಾಲಯ ಹೇಳಿತು. ಅಲ್ಲಿ ಪರಿಹಾರದ ಲೆಕ್ಕ ಕಾನೂನಿನಲ್ಲೇ ಇದೆ: ದಿನಕ್ಕೆ ಗರಿಷ್ಠ 12,500 ಯೆನ್. 2025ರಲ್ಲಿ ಅವರಿಗೆ ಸಿಕ್ಕಿದ್ದು 21.7 ಕೋಟಿ ಯೆನ್. ಶಿಜುಒಕಾದ ಪೊಲೀಸ್ ಮುಖ್ಯಸ್ಥ ಮನೆಗೆ ಹೋಗಿ ತಲೆಬಾಗಿ ಕ್ಷಮೆ ಕೇಳಿದರು.

ತಡೆಯುವ ಕ್ರಮಗಳು

ಬಂಧನದ ಮಾಹಿತಿಯನ್ನು ಮನೆಯವರಿಗೆ ತಿಳಿಸುವುದು, ವೈದ್ಯಕೀಯ ತಪಾಸಣೆ ಮೊದಲಾದ ಡಿ.ಕೆ. ಬಸು ಮಾರ್ಗಸೂಚಿಗಳು 1996ರಿಂದ ಇವೆ. 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು ಪ್ರತಿ ಠಾಣೆಯಲ್ಲೂ ಸಿಸಿಟಿವಿ ಹಾಕಿ, ದೃಶ್ಯಗಳನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಿಕೊಳ್ಳಬೇಕೆಂದಿತು. ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧ ಮತ್ತು ಜಫ್ತಿಯ ಆಡಿಯೊ–ವಿಡಿಯೊ ಚಿತ್ರೀಕರಣವನ್ನು ಕಡ್ಡಾಯ ಮಾಡಿದೆ. 176(3)ನೇ ಕಲಮು ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆನ್ನುತ್ತದೆ. ಮಹಜರು ಠಾಣೆಯ ಮೇಜಿನ ಮೇಲೆ ಬರೆದದ್ದೋ ಸ್ಥಳದಲ್ಲಿ ಬರೆದದ್ದೋ ಎಂಬ ಹಳೆಯ ಜಗಳಕ್ಕೆ ಈ ಚಿತ್ರೀಕರಣ ಉತ್ತರ ಕೊಡಬಲ್ಲದು. ಶೋಧಕ್ಕೆ ಮೊದಲು ಠಾಣೆಯೊಳಗೆ ನಡೆದದ್ದನ್ನು ಅದು ತೋರಿಸಲಾರದು.

ಬಿಡುಗಡೆಯ ನಂತರ

ಹೊರಬಂದವರ ಮುಂದೆ ನಿಲ್ಲುವುದು ಸಣ್ಣ ಸಣ್ಣ ಕಾಗದಗಳ ಸಾಲು: ಪಡಿತರ ಚೀಟಿಯಿಂದ ಹೋದ ಹೆಸರು, ನಿಂತ ಓದು, ಪಾಸ್‌ಪೋರ್ಟ್ ಮತ್ತು ನೌಕರಿಯ ಪೊಲೀಸ್ ಪರಿಶೀಲನೆಯಲ್ಲಿ ಮತ್ತೆ ಎದ್ದುಬರುವ ಹಳೆಯ ಅಪರಾಧ ಸಂಖ್ಯೆ. ತೀರ್ಪಿನ ದೃಢೀಕೃತ ನಕಲನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಜೊತೆಯಲ್ಲೇ ಒಯ್ಯುವವರಿದ್ದಾರೆ. ಬಂಧನದ ಸುದ್ದಿ ಮುಖಪುಟದಲ್ಲಿ ಬಂದಿರುತ್ತದೆ, ಖುಲಾಸೆಯ ಸುದ್ದಿ ಒಳಪುಟದ ಮೂಲೆಯಲ್ಲಿ. ನೆರೆಹೊರೆಯವರು ‘ಪಾರಾದ’ ಎನ್ನುತ್ತಾರೆ. ಮಾಡದ ತಪ್ಪಿನಿಂದ ಪಾರಾಗುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಅದೇ ಹೊತ್ತಿಗೆ ಆ ಮೊಕದ್ದಮೆಯ ತನಿಖಾಧಿಕಾರಿ ಬೇರೆ ಠಾಣೆಗೆ ವರ್ಗವಾಗಿಯೋ ಬಡ್ತಿ ಪಡೆದೋ ನಿವೃತ್ತನಾಗಿಯೋ ಇರುತ್ತಾನೆ. ಅವನು ಬರೆಸಿದ ಸ್ವ-ಇಚ್ಛಾ ಹೇಳಿಕೆ ಮತ್ತು ಪಂಚರ ಸಹಿಯ ಮಹಜರು ನ್ಯಾಯಾಲಯದ ದಾಖಲೆ ಕೊಠಡಿ ಸೇರಿರುತ್ತವೆ. ತಪ್ಪು ಎಲ್ಲಿ ಹುಟ್ಟಿತೆಂಬುದಕ್ಕೆ ಆ ಕಾಗದಗಳೇ ಸಾಕ್ಷಿ. ಅವನ್ನು ಮತ್ತೆ ತೆರೆದು ಓದುವ ಹೊಣೆ ಮಾತ್ರ ಯಾವ ಶಾಸನದಲ್ಲೂ ಯಾರ ಹೆಸರಿನಲ್ಲೂ ಬರೆದಿಲ್ಲ.